ಕರೆಂಟು ಹೋದಾಗಲೆಲ್ಲ ಗೋದಾಮಿನ ನೆಟ್‌ವರ್ಕ್ ನಿಲ್ಲುತ್ತದೆ. ಫೈರ್‌ವಾಲ್ ಬದಲಿಸಬೇಕಾ, ಲೀಫ್-ಸ್ಪೈನ್ ಮಾಡಿಸಬೇಕಾ?

ಎರಡೂ ಬೇಡ: ಹೊರಗಿನ ದಾಳಿ ತಡೆಯುವ ಹೊಸ ಫೈರ್‌ವಾಲೂ ಬೇಡ, ದೊಡ್ಡ ಡೇಟಾ ಸೆಂಟರುಗಳ ನೆಟ್‌ವರ್ಕ್ ಜೋಡಣೆಯಾದ ಲೀಫ್-ಸ್ಪೈನೂ ಬೇಡ. ಕೊಟೇಶನ್‌ಗೆ ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದಿ.

ಶಿರಸಿಯ ಅಡಿಕೆ ಸಂಘ, ಕಚೇರಿ ಒಂದು ಕಡೆ, ಗೋದಾಮು ಇನ್ನೊಂದು ಕಡೆ. ಕರೆಂಟು ಹೋದರೆ ಗೋದಾಮಿನ ಬಿಲ್ಲಿಂಗ್ ಅರ್ಧ ಮುಕ್ಕಾಲು ನಿಮಿಷ ನಿಲ್ಲುತ್ತದೆ, ಕರೆಂಟು ಬಂದಾಗ ಮತ್ತೊಮ್ಮೆ ನಿಲ್ಲುತ್ತದೆ, ಯುಪಿಎಸ್ ಇದ್ದೂ ಹೀಗೆ ಅಂತ ಬರೆದಿದ್ದೀರಿ. ಹೊಸ ಫೈಬರ್ ಜೊತೆಗೆ ಹಳೆ ಕೇಬಲ್ಲನ್ನೂ ಬ್ಯಾಕಪ್‌ಗೆ ಉಳಿಸಿಕೊಂಡಿದ್ದೀರಿ. ಇಷ್ಟು ಓದಿದ ಮೇಲೆ ನನಗೆ ಬೇರೇನೂ ಬೇಕಾಗಲಿಲ್ಲ. ಇದೇ ತೊಂದರೆಯನ್ನು ನಾನು ಕಾರವಾರದಲ್ಲಿ ಒಂದಿಡೀ ಮಳೆಗಾಲ ಅನುಭವಿಸಿದ್ದೇನೆ. ಅದನ್ನು ತಂದಿಟ್ಟವನೂ ನಾನೇ.

ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಎರಡು ಕಟ್ಟಡ. ಸರ್ವರ್ ಹೊಸ ಕಟ್ಟಡದಲ್ಲಿ, ಲೆಕ್ಕಪತ್ರ ವಿಭಾಗ ಹಳೆ ಕಟ್ಟಡದಲ್ಲಿ. ನಡುವೆ ಸುಮಾರು 160 ಮೀಟರ್. ತಾಮ್ರದ ಕೇಬಲ್ 100 ಮೀಟರ್ ದಾಟುವ ಹಾಗಿಲ್ಲ, ಅದಕ್ಕೆ ಹಿಂದಿನವರು ನಡುವಿನ ಸ್ಟೋರ್ ರೂಮಿನಲ್ಲಿ ಒಂದು 100 ಎಂಬಿಪಿಎಸ್ ಸ್ವಿಚ್ (ನೆಟ್‌ವರ್ಕ್ ಕೇಬಲ್ಲುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಇಟ್ಟು ದಾಟಿಸಿದ್ದರು. ಸಮುದ್ರದ ಉಪ್ಪುಗಾಳಿಗೆ ಅದರ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ಆದರೂ ನಡೆಯುತ್ತಿತ್ತು, ಪಕ್ಕದಲ್ಲಿ ಅದಕ್ಕೊಂದು ಸಣ್ಣ ಯುಪಿಎಸ್ ಇತ್ತು.

2015ರ ಕೊನೆಗೆ ನಾನು ಎರಡೂ ಕಟ್ಟಡಕ್ಕೆ ಹೊಸ ಸ್ವಿಚ್ ತರಿಸಿ, ನಡುವೆ ನೇರ ಫೈಬರ್ ಎಳೆಸಿದೆ. ಗಿಗಾಬಿಟ್ ವೇಗ. ಸಿಡಿಲಿನ ಹೆದರಿಕೆಯೂ ಇಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿದ್ದು ಸರಿಯಾದ ಕೆಲಸ, ಇವತ್ತೂ ಅದನ್ನೇ ಹೇಳುತ್ತೇನೆ. ಹಳೆ ಕೇಬಲ್ಲನ್ನು ಮಾತ್ರ ಕೀಳಲಿಲ್ಲ, ಆಪತ್ತಿಗೆ ಇರಲಿ ಅಂತ ಬಿಟ್ಟೆ. ಸ್ಟೋರ್ ರೂಮಿನ ಯುಪಿಎಸ್ ಎತ್ತಿಕೊಂಡು ಬಂದು ಹಳೆ ಕಟ್ಟಡದ ಹೊಸ ಸ್ವಿಚ್ಚಿಗೆ ಕೊಟ್ಟೆ. ಇನ್ನು ಆ ದಾರಿಯಲ್ಲಿ ಯಾರೂ ಹೋಗುವುದಿಲ್ಲವಲ್ಲ, ಅದಕ್ಕೇಕೆ ಯುಪಿಎಸ್ ಅಂತ.

2016ರ ಜೂನ್ ಬಂತು. ಕಾರವಾರದ ಮಳೆ ನಿಮಗೆ ಗೊತ್ತೇ ಇದೆ. ದಿನಕ್ಕೆ ಎಂಟು ಹತ್ತು ಸಲ ಕರೆಂಟು ಹೋಗಿ ಬರುತ್ತಿತ್ತು. ಪ್ರತಿ ಸಲವೂ ಹಳೆ ಕಟ್ಟಡದವರ ಪರದೆ ನಿಂತುಬಿಡುತ್ತಿತ್ತು. ಅರ್ಧ ತುಂಬಿದ ವೋಚರ್ ಹೋಗಿ ಮತ್ತೆ ಮೊದಲಿಂದ ಬರೆಯಬೇಕು. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು, ಶಿರಸಿ ಕಡೆಯವರು, ಆಗಲೇ ಹೇಳಿದ್ದರು: "ತಮಾ, ನೀನು ಆ ಹೊಸ ವಾಯರ್ ಎಳೆಸಿದ ಮೇಲೇ ಇದು ಶುರುವಾದದ್ದು." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ದಾರಿ ಮಾಡಿದ್ದಕ್ಕೆ ನೆಟ್‌ವರ್ಕ್ ಕೆಡುವುದು ಹೇಗೆ ಅಂತ ನನ್ನ ವಾದ. ಇಂಟರ್ನೆಟ್ ಕಂಪನಿಗೆ ದೂರು ಕೊಟ್ಟೆ, ಸರ್ವರ್ ನೋಡಿದೆ, ಕೊನೆಗೆ ತಪ್ಪನ್ನು ಫೈರ್‌ವಾಲ್ ಮೇಲೆ ಹಾಕಿದೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ವೈರಸ್ಸಿನ ಸುದ್ದಿ ಜಗತ್ತಿಡೀ ಹಬ್ಬಿದಾಗ ಆಡಳಿತದವರು ಹೆದರಿದ್ದರು. ಆ ಹೆದರಿಕೆಯಲ್ಲೇ ಮೂರು ಲಕ್ಷದ ಫೈರ್‌ವಾಲ್ ಮಂಜೂರಾಯಿತು. ಜೂನ್‌ನ ಮೊದಲ ಮಳೆಗೆ ಎಲ್ಲ ಮತ್ತೆ ಹಾಗೇ.

ಅವತ್ತು ನಾನು ಹಳೆ ಕಟ್ಟಡದ ಸ್ವಿಚ್ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಫೈಬರ್ ಪೋರ್ಟಿನ ದೀಪ ಕಿತ್ತಳೆ ಬಣ್ಣದಲ್ಲಿತ್ತು. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಕಿತ್ತಳೆ ಅಂದರೆ ಯಾವುದೋ ವೇಗದ ಗುರುತು ಅಂದುಕೊಂಡಿದ್ದೆ. ಹೊರಗೆ ಗಾಳಿ ಬೀಸಿತು, ಕರೆಂಟು ಹೋಯಿತು, ಯುಪಿಎಸ್ ಕೂಗಿತು. ಪಕ್ಕದ ಕೋಣೆಯಿಂದ "ನಿಂತಿತು ಸರ್" ಅಂದರು. ನಾನು ದೀಪ ನೋಡುತ್ತಾ ಎಣಿಸಿದೆ. ಸುಮಾರು ಮೂವತ್ತಕ್ಕೆ ಕಿತ್ತಳೆ ಹೋಗಿ ಹಸಿರಾಯಿತು. ಅದೇ ಕ್ಷಣಕ್ಕೆ "ಬಂತು ಸರ್". ಆಗ ಹೊಳೆಯಿತು: ನನ್ನ ಫೈಬರ್ ಇಷ್ಟು ದಿನ ಮುಚ್ಚಿಕೊಂಡೇ ಇತ್ತು! ಕರೆಂಟು ಹೋದಾಗ ಮಾತ್ರ ತೆರೆಯುತ್ತಿತ್ತು.

ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಇಡೀ ತೊಂದರೆ ಇಲ್ಲೇ ಇದೆ. ಮೂರು ಸ್ವಿಚ್ಚನ್ನು ಸುತ್ತು ಬರುವ ಹಾಗೆ ಜೋಡಿಸಿದರೆ ಈಥರ್ನೆಟ್ ಫ್ರೇಮ್ (ಕೇಬಲ್ಲಿನಲ್ಲಿ ಸಾಗುವ ಡೇಟಾದ ಕಟ್ಟು) ಆ ಸುತ್ತಿನಲ್ಲಿ ತಿರುಗುತ್ತಲೇ ಇರುತ್ತದೆ. ಅದರೊಳಗಿನ ಐಪಿ ಪ್ಯಾಕೆಟ್ಟಿಗೆ ಇಷ್ಟು ಹೆಜ್ಜೆ ಆದಮೇಲೆ ಸಾಯಬೇಕು ಅನ್ನುವ ಲೆಕ್ಕ ಇದೆ, ಫ್ರೇಮಿಗೆ ಇಲ್ಲ. ಅದಕ್ಕೇ ಸ್ವಿಚ್ಚುಗಳೊಳಗೆ ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆ ಇರುವುದು. 1985ರಲ್ಲಿ ರೇಡಿಯಾ ಪರ್ಲ್‌ಮನ್ ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿಯಲ್ಲಿದ್ದಾಗ ಕಂಡುಹಿಡಿದದ್ದು. ಅದು ಸುತ್ತಿನ ಒಂದು ಕೊಂಡಿಯನ್ನು ಮುಚ್ಚಿಡುತ್ತದೆ. ಯಾವುದನ್ನು ಮುಚ್ಚಬೇಕು ಅಂತ ಹೇಗೆ ತೀರ್ಮಾನ? ಎರಡು ಕಟ್ಟಡದ ನಡುವೆ ಯಾವ ದಾರಿ ಚೆನ್ನಾಗಿದೆ ಅಂತ ಅದು ನೋಡುವುದೇ ಇಲ್ಲ. ಮೊದಲು ಒಂದು ಸ್ವಿಚ್ಚನ್ನು ರೂಟ್ (ಬುಡ) ಅಂತ ಆರಿಸಿ, ಪ್ರತಿ ಸ್ವಿಚ್ಚಿನಿಂದ ಆ ರೂಟಿಗೆ ಹತ್ತಿರದ ದಾರಿ ಯಾವುದು ಅಂತ ನೋಡುತ್ತದೆ. ನಾವು ಏನೂ ಹೇಳದಿದ್ದರೆ ಎಲ್ಲ ಸ್ವಿಚ್ಚಿನ ಪ್ರಯಾರಿಟಿಯೂ (ಆದ್ಯತೆ ಸಂಖ್ಯೆ) 32768. ಎಲ್ಲರದ್ದೂ ಸಮ ಆದಾಗ ಮ್ಯಾಕ್ ವಿಳಾಸ (ತಯಾರಿಸಿದವರೇ ಪ್ರತಿ ಸ್ವಿಚ್ಚಿಗೂ ಕೊಟ್ಟ ಗುರುತಿನ ಸಂಖ್ಯೆ) ಯಾರದ್ದು ಚಿಕ್ಕದೋ ಅವರೇ ರೂಟ್. ಚಿಕ್ಕ ಮ್ಯಾಕ್ ಸಾಮಾನ್ಯವಾಗಿ ಹಳೆ ಸ್ವಿಚ್ಚಿನದ್ದೇ.

ಹೀಗೆ ಸ್ಟೋರ್ ರೂಮಿನ ತುಕ್ಕು ಹಿಡಿದ ಸ್ವಿಚ್ ರೂಟ್ ಆಗಿತ್ತು. ಎರಡೂ ಕಟ್ಟಡದಿಂದ ಅದಕ್ಕೆ ನೇರ ಕೇಬಲ್ ಇತ್ತು, ಆದ್ದರಿಂದ ಬೇಡವಾದದ್ದು ನನ್ನ ಫೈಬರ್. ಎಲ್ಲ ಓಡಾಟ ಹಳೆ ದಾರಿಯಲ್ಲೇ. ಆ ದಾರಿಯ ಯುಪಿಎಸ್ಸನ್ನು ನಾನೇ ಕಿತ್ತುಕೊಂಡು ಬಂದಿದ್ದೆ. ಕರೆಂಟು ಹೋದರೆ ರೂಟ್ ಸಾಯುತ್ತದೆ. ಮುಚ್ಚಿದ ಫೈಬರ್ ಪೋರ್ಟು 15 ಸೆಕೆಂಡು ಕೇಳಿಸಿಕೊಂಡು, 15 ಸೆಕೆಂಡು ಕಲಿತು, ಆಮೇಲೆ ತೆರೆಯುತ್ತದೆ. ರೂಟಿನ ಹಳೆ ಮಾಹಿತಿ ಹಳಸಲು ಕಾಯಬೇಕಾಗಿ ಬಂದರೆ ಮತ್ತೆ 20 ಸೆಕೆಂಡು. ಕರೆಂಟು ಬಂದ ಮೇಲೆ ಹಳೆ ಸ್ವಿಚ್ ಎದ್ದು "ನಾನೇ ರೂಟ್" ಅನ್ನುತ್ತದೆ. ಫೈಬರ್ ತಕ್ಷಣ ಮುಚ್ಚಿಕೊಳ್ಳುತ್ತದೆ, ಆದರೆ ಹಳೆ ದಾರಿ ತೆರೆಯಲು ಮತ್ತೆ 30 ಸೆಕೆಂಡು. ನಿಮ್ಮ "ಮತ್ತೊಮ್ಮೆ ನಿಲ್ಲುತ್ತದೆ" ಇದೇ. ಫೈಬರ್ ಎಳೆಸಿದ್ದು ತಪ್ಪಲ್ಲ, ಹಳೆ ಕೇಬಲ್ ಉಳಿಸಿದ್ದೂ ತಪ್ಪಲ್ಲ. ರೂಟ್ ಯಾರಾಗಬೇಕು ಅಂತ ನಾನು ಹೇಳಲಿಲ್ಲ, ವೇಗದ ದಾರಿಯನ್ನು ಅದೇ ಹುಡುಕಿಕೊಳ್ಳುತ್ತದೆ ಅಂತ ನಂಬಿದೆ. ಅದು ತಪ್ಪು.

ಸರಿಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಸರ್ವರ್ ಇರುವ ಕಟ್ಟಡದ ಸ್ವಿಚ್ಚಿಗೆ ಪ್ರಯಾರಿಟಿ 4096, ಹಳೆ ಕಟ್ಟಡದ್ದಕ್ಕೆ 8192 ಕೊಟ್ಟೆ. 4096ರ ಮಗ್ಗಿಯಲ್ಲೇ ಕೊಡಬೇಕು, ಸಂಖ್ಯೆ ಚಿಕ್ಕದಾದಷ್ಟೂ ಬಲ ಜಾಸ್ತಿ. ಹೊಸ ಸ್ವಿಚ್ಚುಗಳಲ್ಲಿ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಅಂದರೆ ಅದರ ವೇಗದ ರೂಪ, ಹಾಕಿದೆ. ಆ ಮಳೆಗಾಲದಲ್ಲಿ ಆಮೇಲೆ ಒಮ್ಮೆಯೂ ವೋಚರ್ ಹೋಗಲಿಲ್ಲ. ಆ ಹಿರಿಯರ ಹತ್ತಿರ ಹೋಗಿ, ನೀವು ಹೇಳಿದ್ದೇ ಸರಿ ಇತ್ತು ಅಂದೆ.

ಲೀಫ್-ಸ್ಪೈನ್ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅದರ ಮೂಲ 1953ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಮಾಡಿದ ಲೆಕ್ಕ. ಸಾಲುಸಾಲು ರ‍್ಯಾಕ್ ಇದ್ದು, ಸರ್ವರುಗಳು ತಮ್ಮತಮ್ಮಲ್ಲೇ ಭಾರಿ ಡೇಟಾ ಸಾಗಿಸುವ ಕಡೆ ಅದು ಬೇಕೇ ಬೇಕು. ನಿಮ್ಮಲ್ಲಿರುವುದು ಎರಡು ಸರ್ವರ್. ಅಡಿಕೆ ಬಿಲ್ಲಿಗೆ ಅದು ಬೇಡ.

ಫೈರ್‌ವಾಲ್ ಈಗ ಇರುವುದೇ ಸಾಕು. ವಾನ್ನಾಕ್ರೈ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ 445ನೇ ಪೋರ್ಟಿನಲ್ಲಿ (ಇದು ಕೇಬಲ್ ಚುಚ್ಚುವ ಪೋರ್ಟಲ್ಲ, ವಿಂಡೋಸ್ ಕಡತ ಹಂಚಿಕೊಳ್ಳಲು ಬಳಸುವ ಸಂಖ್ಯೆ) ಹರಡಿತು, ಅದಕ್ಕೆ ಪ್ಯಾಚ್, ಅಂದರೆ ತಂತ್ರಾಂಶದ ತೇಪೆ, ಆ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಒಂದೇ ಸ್ವಿಚ್ಚಿನ ಎರಡು ಮೇಜಿನ ನಡುವೆ ನಡೆಯುವುದನ್ನು ಬಾಗಿಲಲ್ಲಿ ಕೂತ ಫೈರ್‌ವಾಲ್ ನೋಡುವುದೇ ಇಲ್ಲ. ನಮ್ಮ ಮೂರು ಲಕ್ಷ ಅದನ್ನೂ ತಡೆಯುತ್ತಿರಲಿಲ್ಲ. ಮೊದಲು ಸಿಸಿಟಿವಿ, ಬಿಲ್ಲಿಂಗ್, ಕಚೇರಿ ಇವನ್ನು ಬೇರೆಬೇರೆ ವಿಎಲ್ಎಎನ್ (ಅದೇ ಸ್ವಿಚ್ಚುಗಳ ಮೇಲೆ ಪ್ರತ್ಯೇಕ ನೆಟ್‌ವರ್ಕ್) ಮಾಡಿ, ಅವುಗಳ ನಡುವಿನ ಓಡಾಟ ಈಗಿನ ಫೈರ್‌ವಾಲ್ ಮೂಲಕವೇ ಹೋಗುವ ಹಾಗೆ ಮಾಡಿ.

ಇವತ್ತೇ ಮಾಡಬೇಕಾದದ್ದು: ನಿಮ್ಮದು ಸಿಸ್ಕೊ ಕಂಪನಿಯ ಸ್ವಿಚ್ ಅಂದಿದ್ದೀರಿ, ಕಚೇರಿಯ ಸ್ವಿಚ್ಚಿನಲ್ಲಿ "ಶೋ ಸ್ಪ್ಯಾನಿಂಗ್-ಟ್ರೀ" ಕೊಡಿ. "ದಿಸ್ ಬ್ರಿಡ್ಜ್ ಈಸ್ ದ ರೂಟ್" ಅನ್ನುವ ಸಾಲು ಕಾಣಬೇಕು. ಕಾಣದಿದ್ದರೆ ಅಲ್ಲೇ ರೂಟಿನ ಮ್ಯಾಕ್ ವಿಳಾಸ ಇರುತ್ತದೆ, ಅದನ್ನು ಬರೆದುಕೊಂಡು ಯಾವ ಮೂಲೆಯ ಯಾವ ಸ್ವಿಚ್ಚಿನದ್ದು ಅಂತ ಹುಡುಕಿ. ಆಮೇಲೆ ನಾನು ಮಾಡಿದ ಹಾಗೆ ಪ್ರಯಾರಿಟಿ ಕೊಟ್ಟು ಕಚೇರಿಯ ಸ್ವಿಚ್ಚನ್ನೇ ರೂಟ್ ಮಾಡಿ. ಪ್ರಯಾರಿಟಿ ಬದಲಿಸಿದ ಕೂಡಲೇ ಇನ್ನೊಮ್ಮೆ ಅರ್ಧ ನಿಮಿಷ ಎಲ್ಲ ನಿಲ್ಲುತ್ತದೆ, ಆದ್ದರಿಂದ ಸಂಜೆ ತೂಕ, ಬಿಲ್ಲು ಎಲ್ಲ ಮುಗಿದ ಮೇಲೇ ಕೈ ಹಾಕಿ.