ಆಫ್ರಿಕಾದ ಸ್ತ್ರೀವಾದ ಪಶ್ಚಿಮದಿಂದ ತಂದದ್ದೇ ಅಲ್ವಾ?

ಸ್ತ್ರೀವಾದವನ್ನು ಆಫ್ರಿಕಾದವರು ಯುರೋಪು, ಅಮೆರಿಕಾದಿಂದ ಕಲಿತದ್ದು ತಾನೆ, ಅವರದೇ ಚಿಂತನೆ ಅಂತ ಏನಾದರೂ ಇದೆಯಾ, ಇದ್ದರೆ ಎಲ್ಲಿಂದ ಓದಲಿ ಎಂದು ಕೇಳಿದ್ದೀರಿ. ಓದಲು ಶುರು ಮಾಡುವ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ. ಅಷ್ಟು ದೊಡ್ಡ ಖಂಡಕ್ಕೆ ಒಂದೇ ಉತ್ತರ ಸಾಲದು. ಹಾಗಾಗಿ ನಾನು ಜಾಸ್ತಿ ಓದಿರುವ ನೈಜೀರಿಯಾ ಹಿಡಿದು ಹೇಳುತ್ತೇನೆ.

1929ರ ನವೆಂಬರ್. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ನೈಜೀರಿಯಾದ ಆಗ್ನೇಯ ಭಾಗದಲ್ಲಿ, ಇಗ್ಬೊ ಜನರ ಒಲೊಕೊ ಎಂಬ ಊರು. ನ್ವಾನ್ಯೆರುವಾ ಎಂಬ ಹೆಂಗಸು ತಾಳೆ ಹಣ್ಣಿನಿಂದ ಎಣ್ಣೆ ತೆಗೆಯುತ್ತಿದ್ದಳು. ಮನೆಯಲ್ಲಿ ಎಷ್ಟು ಜನ, ಎಷ್ಟು ಕುರಿ-ಮೇಕೆ ಎಂದು ಲೆಕ್ಕ ಬರೆದುಕೊಳ್ಳಲು ಸರ್ಕಾರದ ಕಡೆಯವನೊಬ್ಬ ಬಂದ. ಗಂಡಸರ ಮೇಲೆ ಆಗಲೇ ತೆರಿಗೆ ಬಿದ್ದಿತ್ತು. ಈಗ ನಮ್ಮ ಸರದಿ ಅಂತ ಅವಳಿಗೆ ಅನಿಸಿತು. 'ನಿನ್ನ ತಾಯಿಯನ್ನೂ ಎಣಿಸಿದ್ದಾರಾ?' ಎಂದು ಕೇಳಿದಳಂತೆ. ಮಾತಿಗೆ ಮಾತು ಬೆಳೆಯಿತು. ಸುದ್ದಿ ಊರೂರಿಗೆ ಹೋಯಿತು, ಸಾವಿರಾರು ಹೆಂಗಸರು ಸೇರಿದರು.

ಅವರು ಮಾಡಿದ್ದು ಹೊಸದೇನಲ್ಲ. ತಪ್ಪು ಮಾಡಿದ ಗಂಡಸಿನ ಮನೆ ಮುಂದೆ ಊರ ಹೆಂಗಸರೆಲ್ಲ ಸೇರಿ, ಅವನ ತಪ್ಪನ್ನೇ ಹಾಡು ಕಟ್ಟಿ ಹಾಡಿ, ಒನಕೆಯಿಂದ ಗೋಡೆ ಬಡಿದು, ಅವನು ತಪ್ಪೊಪ್ಪಿಕೊಳ್ಳುವವರೆಗೆ ಕದಲದೆ ಇರುವ ಪದ್ಧತಿ ಅಲ್ಲಿ ಮೊದಲೇ ಇತ್ತು. ಅದಕ್ಕೆ 'ಗಂಡಸಿನ ಮೇಲೆ ಕೂರುವುದು' ಎಂದು ಹೆಸರು. ಈ ಸಲ ಬ್ರಿಟಿಷರು ನೇಮಿಸಿದ್ದ ಮುಖಂಡರ ಮೇಲೆ 'ಕೂತರು'. ಸೈನಿಕರು, ಪೊಲೀಸರು ಗುಂಡು ಹಾರಿಸಿದರು. 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಬ್ರಿಟಿಷರು ಇದನ್ನು ಅಲ್ಲಿನ ಆಬಾ ಎಂಬ ಊರಿನ ಹೆಸರಿನಲ್ಲಿ 'ಆಬಾ ದಂಗೆ' ಎಂದು ಬರೆದಿಟ್ಟರು. ಇಗ್ಬೊ ಜನ 'ಹೆಂಗಸರ ಯುದ್ಧ' ಎನ್ನುತ್ತಾರೆ. (1857ಕ್ಕೂ ಅವರು 'ಸಿಪಾಯಿ ದಂಗೆ' ಎಂದೇ ಹೆಸರಿಟ್ಟದ್ದು, ನೆನಪಿದೆಯಲ್ಲ.) ಈ ಹೆಂಗಸರಿಗೆ ಯಾವ ಯುರೋಪಿನ ಪುಸ್ತಕವೂ ಬೇಕಾಗಿರಲಿಲ್ಲ.

ಪುಸ್ತಕಗಳ ವಿಷಯಕ್ಕೆ ಬಂದರೆ, ನನ್ನ ತಲೆ ಕೆಡಿಸಿದ್ದು ನೈಜೀರಿಯಾದ ಸಮಾಜಶಾಸ್ತ್ರಜ್ಞೆ ಒಯೆರೊಂಕೆ ಒಯೆವುಮಿ ಅವರು 1997ರಲ್ಲಿ ತಂದ 'ದಿ ಇನ್ವೆನ್ಷನ್ ಆಫ್ ವಿಮೆನ್'. ನೈಜೀರಿಯಾದ ಇನ್ನೊಂದು ದೊಡ್ಡ ಜನಾಂಗವಾದ ಯೊರುಬಾ ಸಮಾಜದಲ್ಲಿ ಮೊದಲು ಎಣಿಕೆಗೆ ಬರುತ್ತಿದ್ದದ್ದು ಹಿರಿತನ, ಗಂಡು-ಹೆಣ್ಣು ಎಂಬುದಲ್ಲ ಎನ್ನುವುದು ಅವರ ವಾದ. ನಮ್ಮಲ್ಲಿ ಅಣ್ಣ, ಅಕ್ಕ, ತಮ್ಮ, ತಂಗಿ ಎಂದು ನಾಲ್ಕು ಪದ. ಯೊರುಬಾದಲ್ಲಿ ಎರಡೇ. ದೊಡ್ಡವರು 'ಎಗ್ಬೊನ್', ಚಿಕ್ಕವರು 'ಅಬುರೊ'. ಅವನು, ಅವಳು ಎರಡಕ್ಕೂ ಒಂದೇ ಪದ. ಇನ್ನೂ ಮಜಾ ಇದೆ. 'ಒಕೊ' ಎಂದರೆ ಗಂಡ ಎಂದು ಅನುವಾದ ಮಾಡುತ್ತಾರೆ. ಆದರೆ ಸೊಸೆಯಾಗಿ ಬಂದವಳಿಗೆ ಆ ಮನೆಯಲ್ಲಿ ಹುಟ್ಟಿದವರೆಲ್ಲ 'ಒಕೊ'. ಗಂಡನೂ ಸರಿ, ನಾದಿನಿಯೂ ಸರಿ. ಇದನ್ನು ಓದಿದಾಗ ನಕ್ಕುಬಿಟ್ಟೆ. ಸೊಸೆಯಾಗಿ ಹೋದ ಮನೆಯಲ್ಲಿ ಮೊದಲ ವರ್ಷ ನನಗೆ ಒಗ್ಗರಣೆ ಹಾಕುವುದು ಹೇಗೆಂದು ಆಜ್ಞೆ ಮಾಡುತ್ತಿದ್ದದ್ದು ಗಂಡನಲ್ಲ, ನನಗಿಂತ ಆರು ವರ್ಷ ಚಿಕ್ಕವಳಾದ ನಾದಿನಿ!

ಆದರೆ ಒಯೆವುಮಿ ಅವರ ಮಾತನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ನೈಜೀರಿಯಾದವರೇ ಆದ ವಿದ್ವಾಂಸೆ ಬೀಬಿ ಬಕಾರೆ-ಯೂಸುಫ್ ಇದನ್ನು ಚೆನ್ನಾಗಿಯೇ ಜಾಡಿಸಿದ್ದಾರೆ. ಭಾಷೆಯಲ್ಲಿ ಭೇದ ಕಾಣದಿದ್ದರೆ ಬದುಕಿನಲ್ಲೂ ಇರಲಿಲ್ಲ ಎನ್ನಲಾಗದು ಎಂಬುದು ಅವರ ತಕರಾರು. ಹಿರಿತನದ ಹೆಸರಲ್ಲೇ ಎಷ್ಟೋ ದಬ್ಬಾಳಿಕೆ ನಡೆಯುತ್ತದೆ. ಈ ಜಗಳದಲ್ಲಿ ನಾನು ಬಕಾರೆ-ಯೂಸುಫ್ ಕಡೆ. ಕನ್ನಡದ 'ಅವರು' ಎಂಬ ಪದಕ್ಕೂ ಗಂಡು-ಹೆಣ್ಣಿನ ಭೇದವಿಲ್ಲ. ಹಾಗಂತ ನಮ್ಮ ಮನೆಗಳಲ್ಲಿ ಅಡುಗೆ ಕೆಲಸ ಸಮವಾಗಿ ಹಂಚಿಹೋಗಿದೆಯೇ?

ತಮ್ಮ ಸ್ತ್ರೀವಾದವನ್ನು ಏನೆಂದು ಕರೆಯಬೇಕು ಎಂಬುದರಲ್ಲೂ ಅಲ್ಲಿನ ಲೇಖಕಿಯರಲ್ಲಿ ಒಮ್ಮತವಿಲ್ಲ. ಒಬಿಯೊಮಾ ನ್ನೆಮೆಕಾ 'ನೆಗೊ-ಫೆಮಿನಿಸಂ' ಎನ್ನುತ್ತಾರೆ. ಮಾತುಕತೆಯಾಡಿ, ಅಹಂ ಬಿಟ್ಟು, ಕೊಟ್ಟು-ತಗೊಂಡು ಮುಂದೆ ಹೋಗುವ ದಾರಿ ಅದು. ಮೊಲಾರಾ ಒಗುಂಡಿಪೆ 'ಸ್ಟಿವಾ' ಎಂಬ ಹೊಸ ಪದವನ್ನೇ ಕಟ್ಟಿದರು. ಸಮಾಜ ಬದಲಾಗಬೇಕು, ಅದರಲ್ಲಿ ಹೆಂಗಸರೂ ಇರಬೇಕು ಎಂಬುದು ಅದರ ಸಾರ. 'ಫೆಮಿನಿಸಂ' ಎಂದ ತಕ್ಷಣ ಪಶ್ಚಿಮದ ನಕಲು ಎಂದು ಮೂಗು ಮುರಿಯುವವರ ಬಾಯಿ ಮುಚ್ಚಿಸುವುದಕ್ಕೇ ಆ ಪದ. ಅಂದರೆ ನೀವು ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟು ಕೊಟ್ಟು ಅವರೂ ಸುಸ್ತಾಗಿದ್ದರು!

ಓದುವುದಾದರೆ ಇಫಿ ಅಮಡಿಯುಮೆ ಅವರ 1987ರ 'ಮೇಲ್ ಡಾಟರ್ಸ್, ಫೀಮೇಲ್ ಹಸ್ಬೆಂಡ್ಸ್' ಮೊದಲು ಹಿಡಿಯಿರಿ. ಇಗ್ಬೊ ಜನರ ನ್ನೊಬಿ ಎಂಬ ಒಂದೇ ಊರಿನ ಕತೆ. ದುಡ್ಡಿದ್ದ ಹೆಂಗಸು ಇನ್ನೊಬ್ಬಳನ್ನು ಮದುವೆಯಾಗಿ 'ಗಂಡ' ಎನಿಸಿಕೊಳ್ಳಬಹುದಿದ್ದ ಊರು ಅದು. ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕಿದ್ದರೆ 2002ರಲ್ಲಿ ಕೇಪ್‌ಟೌನ್‌ನಲ್ಲಿ ಶುರುವಾದ 'ಫೆಮಿನಿಸ್ಟ್ ಆಫ್ರಿಕಾ' ಪತ್ರಿಕೆ ಇದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಒಯೆವುಮಿ ಅವರನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ, ಸ್ವಲ್ಪ ಗಟ್ಟಿ ಕಾಯಿ.