ಸಂಘದ ಸಾಲ, ಮನೆಯ ಏಟು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯ ಹೆಣ್ಣುಮಗಳು, ಇಬ್ಬರು ಮಕ್ಕಳು. ರೇಷ್ಮೆ ಹುಳು ಸಾಕುವ ಮನೆ. ಸೊಪ್ಪು ಕೊಯ್ಯುವುದು, ಹುಳುವಿಗೆ ಹಾಕುವುದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವುದು, ಎಲ್ಲ ಆಕೆಯದೇ. ಗೂಡಿನ ದುಡ್ಡು ಮಾತ್ರ ಗಂಡನ ಖಾತೆಗೆ.

ಊರ ಹೆಂಗಸರ ಸ್ವಸಹಾಯ ಸಂಘದಲ್ಲಿ ಆಕೆಯ ಹೆಸರಲ್ಲಿ ಸಾಲ ತೆಗೆಸಿ ಗಂಡನೇ ಖರ್ಚು ಮಾಡಿದ್ದ. ಕಂತಿಗೆ ದುಡ್ಡು ಕೇಳಿದರೆ ಏಟು. ಇನ್ನೊಂದು ಸಾಲಕ್ಕೆ ಸಹಿ ಹಾಕಲ್ಲ ಅಂದ ರಾತ್ರಿ ಕೈ ಊದುವಷ್ಟು ಹೊಡೆದ. ಊರ ಹಿರಿಯರು ಪಂಚಾಯ್ತಿ ಮಾಡಿ ಮುಚ್ಚಳಿಕೆ ಬರೆಸಿದರು. ಹೊಡೆತ ನಿಲ್ಲಲಿಲ್ಲ. ಕೊನೆಗೆ ಅಂಗನವಾಡಿ ಕಾರ್ಯಕರ್ತೆ ನನ್ನ ಹತ್ತಿರ ಕರೆತಂದರು.

"ಹೊಡೆದಿದ್ದು ತಡ್ಕೊಂಡೆ ಮೇಡಂ. ಸಂಘದವ್ರು ಬಾಗಿಲಿಗೆ ಬಂದು ನಿಂತಿದ್ದು ತಡ್ಕೊಳ್ಳೋಕಾಗ್ಲಿಲ್ಲ."

ಈ ಮಾತು ನನ್ನನ್ನು ತುಂಬ ಕಾಡಿತು. ಆ ಹೆಂಗಸರು ಕೆಟ್ಟವರಲ್ಲ. ಒಬ್ಬಳ ಕಂತು ನಿಂತರೆ ಉಳಿದವರ ಮೇಲೆ ಬೀಳುತ್ತದೆ. ಆದರೆ ಏಟು ತಿಂದವಳು ಮೊದಲು ಓಡಿ ಹೋಗಬೇಕಾದ್ದು ಅದೇ ಅಕ್ಕಪಕ್ಕದವರ ಹತ್ತಿರ ಅಲ್ವಾ? ಆಕೆ ಅವರಿಂದಲೇ ಮುಖ ಮರೆಸಿಕೊಂಡು ಓಡಾಡುತ್ತಿದ್ದರು.

ಮೊದಲು ಕೇಳಿದ್ದು, "ಇವತ್ತು ರಾತ್ರಿ ಮನೆಗೆ ಹೋಗೋಕೆ ಭಯ ಇದೆಯಾ ಅಮ್ಮ?" ಇದೆ ಅಂದರು. ಮಕ್ಕಳ ಜೊತೆ ಚಿಂತಾಮಣಿಯ ಅಣ್ಣನ ಮನೆಗೆ ಹೋಗುವುದೆಂದಾಯಿತು. ದಾರಿಯಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕೈ ತೋರಿಸಿ, ಏಟು ಹೇಗಾಯಿತೆಂದು ನಿಜ ಹೇಳಿ, ಚೀಟಿ ಜೋಪಾನ ಮಾಡಿ ಅಂದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

"ಕೇಸು ಹಾಕಿದ್ರೆ ಮನೆ ಬಿಡ್ಬೇಕಾ? ಅವ್ರು ಜೈಲಿಗೆ ಹೋಗ್ತಾರಾ?" ಆಕೆಯ ಎರಡು ಭಯ ಇವು. ಬಿಡಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಮನೆ ಆಕೆಯ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕಿದೆ. ಹೆಂಡತಿಗೆ ಸಲ್ಲಬೇಕಾದ ದುಡ್ಡು ತಡೆಯುವುದೂ ಈ ಕಾಯ್ದೆಯಲ್ಲಿ ಹಿಂಸೆಯೇ. ಅರ್ಜಿ ಹಾಕಿದ ಕೂಡಲೇ ಜೈಲಿಲ್ಲ. ಹೊಡೆಯಬಾರದು, ಖರ್ಚಿಗೆ ಕೊಡಬೇಕು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮುಚ್ಚಳಿಕೆಗೆ ಆ ಬಲ ಇಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ, ಮ್ಯಾಜಿಸ್ಟ್ರೇಟ್‌ಗೆ ವರದಿ ಬರೆದು ಕಳಿಸುವವರು ಅವರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಸರಿ. 60 ದಿನದಲ್ಲಿ ಮುಗಿಸಲು ನೋಡಬೇಕು ಅನ್ನುತ್ತದೆ ಕಾಯ್ದೆ. ಎಳೆದಾಡಬಹುದು, ಹಾಗಾಗಿ ಕೊನೆಯ ತೀರ್ಪಿಗೆ ಮುಂಚೆಯೇ ಸಿಗುವ ಮಧ್ಯಂತರ ಆದೇಶವನ್ನೂ ಕೇಳಿ ಅಂದೆ.

ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯ ಖಾತೆಗೇ ಬರುತ್ತಿತ್ತು, ಎಟಿಎಂ ಕಾರ್ಡು ಗಂಡನ ಜೇಬಲ್ಲಿ. ಬ್ಯಾಂಕಿಗೆ ಹೋಗಿ ಹಳೇ ಕಾರ್ಡು ನಿಲ್ಲಿಸಿ ಹೊಸದು ಪಡೆದರು.

ಆಕೆಯ ಒಪ್ಪಿಗೆ ಪಡೆದು ಸಂಘದವರ ಜೊತೆಯೂ ಕೂತೆ. ಕಂತು ಸಣ್ಣದಾಗಿ ಮಾಡಿ, ಬಾಗಿಲಿಗೆ ಹೋಗಬೇಡಿ ಅಂದೆ. ಸಾಲ ಕೊಡುವ ಮುಂಚೆ ಹೆಂಗಸನ್ನು ಒಬ್ಬಳನ್ನೇ ಕೂರಿಸಿ, ದುಡ್ಡು ಯಾರಿಗೆ, ಸಹಿಗೆ ಯಾರಾದರೂ ಬಲವಂತ ಮಾಡಿದರಾ ಅಂತ ಕೇಳಿ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬರು ತಮ್ಮ ಮನೆಯ ಕಥೆ ಶುರು ಮಾಡಿದರು.

ಅರ್ಜಿ ಈಗ ನ್ಯಾಯಾಲಯದಲ್ಲಿದೆ. ಕಂತು ಇಳಿಸಿದ್ದಾರೆ. ಮುಂದಿನ ದಿನಾಂಕಕ್ಕೆ ಸಂಘದ ಇಬ್ಬರು ಆಕೆಯ ಜೊತೆ ಹೋಗಲು ಒಪ್ಪಿದ್ದಾರೆ.