40 ಕೆಜಿ ಇಟ್ಟರೆ 60 ತೋರಿಸುವ ತಕ್ಕಡಿ

ಪ್ರಶ್ನೆ: ತೋಟದಲ್ಲಿ ಕಾಫಿ ಹಣ್ಣು ತೂಗಲು 100 ಕೆಜಿಯ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಲೋಡ್‌ಸೆಲ್ (ಭಾರವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ಹಾಳಾಯಿತೆಂದು ಅದೇ 100 ಕೆಜಿಯ ಹೊಸದನ್ನು ಹಾಕಿಸಿದೆವು. ಖಾಲಿ ಇದ್ದಾಗ ಸೊನ್ನೆ ಸರಿಯಾಗಿದೆ. 20 ಕೆಜಿ ಇಟ್ಟರೆ 30, 40 ಇಟ್ಟರೆ 60 ತೋರಿಸುತ್ತದೆ. ಹೊಸ ಸೆಲ್ಲೂ ಕೆಟ್ಟಿದೆಯೇ? ನಮ್ಮಲ್ಲಿರುವ 5 ಕೆಜಿ ಬಟ್ಟು ಇಟ್ಟು ನಾವೇ ಸರಿಮಾಡಬಹುದೇ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಸೆಲ್ ಕೆಟ್ಟಿಲ್ಲ ಸಾರ್. ಕೆಟ್ಟಿದ್ದರೆ ಅಂಕಿ ನಿಲ್ಲದೆ ಓಡಾಡುತ್ತಿತ್ತು, ಇಲ್ಲವೇ ಚೀಲ ಇಳಿಸಿದ ಮೇಲೂ ಸೊನ್ನೆಗೆ ಬರುತ್ತಿರಲಿಲ್ಲ. ನಿಮ್ಮದು ಪ್ರತಿ ತೂಕಕ್ಕೂ ಸರಿಯಾಗಿ ಒಂದೂವರೆ ಪಟ್ಟು. ಎರಡೂ ಸೆಲ್‌ಗಳ ಮೇಲಿನ ಚೀಟಿ ನೋಡಿ. ಹಳೆಯದರಲ್ಲಿ 2 ಮಿಲಿವೋಲ್ಟ್ ಪರ್ ವೋಲ್ಟ್, ಹೊಸದರಲ್ಲಿ 3 ಎಂದಿರಬೇಕು. ಸೆಲ್‌ಗೆ ಕೊಡುವ ಪ್ರತಿ ವೋಲ್ಟ್‌ಗೆ, ಪೂರ್ತಿ ಭಾರದಲ್ಲಿ ಅದು ಎಷ್ಟು ಮಿಲಿವೋಲ್ಟ್ ವಾಪಸ್ ಕೊಡುತ್ತದೆ ಎಂಬ ಅಳತೆ ಇದು. ಸೆನ್ಸಿಟಿವಿಟಿ ಎನ್ನುವುದು ಇದಕ್ಕೇ.

100 ಕೆಜಿ ಎಂಬುದು ಸೆಲ್ ಎಷ್ಟು ಭಾರದವರೆಗೆ ತೂಗಬಲ್ಲದು ಎಂದಷ್ಟೇ ಹೇಳುತ್ತದೆ. ಭಾರ ಬಿದ್ದಾಗ ಎಷ್ಟು ವೋಲ್ಟೇಜ್ ಸಿಗ್ನಲ್ ಕೊಡುತ್ತದೆ ಎಂಬುದು ಬೇರೆ ಲೆಕ್ಕ. ಇಂಡಿಕೇಟರ್, ಅಂದರೆ ಅಂಕಿ ತೋರಿಸುವ ಪೆಟ್ಟಿಗೆ, ಸೆಲ್‌ಗೆ 5 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ಹಳೆಯ ಸೆಲ್ 100 ಕೆಜಿಗೆ 10 ಮಿಲಿವೋಲ್ಟ್ ವಾಪಸ್ ಕೊಡುತ್ತಿತ್ತು. ಹೊಸದು 15 ಕೊಡುತ್ತದೆ. 40 ಕೆಜಿಗೆ ಈಗ 6 ಮಿಲಿವೋಲ್ಟ್ ಬರುತ್ತಿದೆ. ಆದರೆ ಇಂಡಿಕೇಟರ್‌ಗೆ ನೆನಪಿರುವುದು ಹಳೇ ಲೆಕ್ಕ, ಒಂದು ಮಿಲಿವೋಲ್ಟ್‌ಗೆ 10 ಕೆಜಿ. ಹಾಗಾಗಿ 60 ಎನ್ನುತ್ತದೆ.

ಎರಡರ ಮೇಲೂ 2 ಎಂದೇ ಇದ್ದರೂ ಸುಮ್ನೆ ಬಿಡುವಂತಿಲ್ಲ. ಒಂದು 1.98, ಇನ್ನೊಂದು 2.01 ಇರಬಹುದು. ಅಷ್ಟಕ್ಕೇ 50 ಕೆಜಿಯಲ್ಲಿ ಮುಕ್ಕಾಲು ಕೆಜಿ ಹೆಚ್ಚುಕಮ್ಮಿ. ಸೆಲ್ ಬದಲಿಸಿದರೆ ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ತೂಕ ಇಟ್ಟು ಅಂಕಿ ಹೊಂದಿಸುವುದು, ಆಗಲೇಬೇಕು.

5 ಕೆಜಿ ಬಟ್ಟಿನಿಂದ ಖಂಡಿತ ಬೇಡ. ಅಲ್ಲಿ 5 ಗ್ರಾಂ ತಪ್ಪಿದರೆ 100 ಕೆಜಿಗೆ ಬರುವಷ್ಟರಲ್ಲಿ ಅದು 100 ಗ್ರಾಂ ಆಗುತ್ತದೆ. ನಾನಂತೂ ಇಂಥ ತಕ್ಕಡಿಗೆ 20 ಕೆಜಿಯ ಮೂರು ಬಟ್ಟಾದರೂ ಇಲ್ಲದೆ ಕೈ ಹಾಕುವುದಿಲ್ಲ. ಆನ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು, ಖಾಲಿ ಸೊನ್ನೆ ಕೂರಿಸಿ, 60 ಕೆಜಿ ಇಟ್ಟು, ಇದು 60 ಎಂದು ಇಂಡಿಕೇಟರ್‌ಗೆ ಅಂಕಿ ಕೊಡುವುದು. ಆಮೇಲೆ 20, 40 ಇಟ್ಟು ನೋಡುವುದು. ಇದನ್ನು ತಕ್ಕಡಿ ಇರುವ ಊರಲ್ಲೇ ಮಾಡಬೇಕು. ದೆಹಲಿಯಲ್ಲಿ ಸರಿಮಾಡಿದ್ದನ್ನು ಹಾಗೇ ಬೆಂಗಳೂರಿಗೆ ತಂದರೆ, ಇಲ್ಲಿ ಗುರುತ್ವ ಸ್ವಲ್ಪ ಕಡಿಮೆಯಾದ್ದರಿಂದ, 50 ಕೆಜಿಗೆ ಸುಮಾರು 50 ಗ್ರಾಂ ಕಡಿಮೆ ತೋರಿಸುತ್ತದೆ.

ಆದರೆ ನೀವೇ ಮಾಡಬೇಡಿ. ಕೊಯ್ಲಿನವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಡುತ್ತೀರಿ ಅಲ್ವಾ? ಅದು ಅವರ ದುಡಿಮೆಯ ಲೆಕ್ಕ. ಪರವಾನಗಿ ಇರುವ ರಿಪೇರಿಯವರಿಂದ ಮಾಡಿಸಿ, ಕಾನೂನು ಮಾಪನ ಇಲಾಖೆಯ ಮುದ್ರೆ ಹೊಸದಾಗಿ ಹಾಕಿಸಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಹೇಗೂ 12 ತಿಂಗಳಿಗೊಮ್ಮೆ ಮುದ್ರೆ ಬೇಕು.

ನೀವು ಮಾಡಬಹುದಾದ್ದು ಒಂದಿದೆ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ತೂಕ ಶುರುವಾಗುವ ಮೊದಲು, ಎಲ್ಲರ ಎದುರಿಗೇ 20 ಕೆಜಿ ಬಟ್ಟನ್ನು ನಡುವೆ ಮತ್ತು ನಾಲ್ಕೂ ಮೂಲೆಗಳಲ್ಲಿ ಇಟ್ಟು ನೋಡಿ. ಮೂಲೆಗೊಂದು ತೂಕ ಬಂದರೆ ಮೊದಲು ತಟ್ಟೆ ಎತ್ತಿ, ಅಡಿಯಲ್ಲಿ ಹಣ್ಣೋ ಮಣ್ಣೋ ಸಿಕ್ಕಿದೆಯೇ ನೋಡಿ.